ಕಂದು ಅಲ್ಲ, ಕುಸುಬಿ ಹೂವು

ಆ ಪ್ರಬಂಧದ ಮೂರನೇ ಪುಟದಲ್ಲಿ 'ಜೀವಂತವಿದ್ದಾಗ ಬಣ್ಣ: ಕಂದು' ಎಂದು ಅಚ್ಚಾಗಿದೆ. ಅದು ಶುದ್ಧ ಸುಳ್ಳು. ಹೊಸ ಜಾತಿಯ ಸಮುದ್ರ ಸ್ಪಂಜೊಂದನ್ನು ಮೊದಲ ಸಲ ಬಣ್ಣಿಸಿ, ವರ್ಗೀಕರಿಸಿ, ಹೆಸರಿಟ್ಟ ಪ್ರಬಂಧ ಅದು. ಬರೆದವರು ಇಬ್ಬರು, ಎರಡನೆಯವನು ನಾನು. ಇಷ್ಟು ವರ್ಷ ಕಳೆದರೂ ಆ ಪುಟ ತೆಗೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ನಮ್ಮ ಬೀದರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರು ಬರದ ವರ್ಷಗಳಲ್ಲಿ ಒಂದು ದಿನ ಭಾಲ್ಕಿ ಸ್ಟೇಶನ್ನಿನಲ್ಲಿ ನಿಂತು ನೋಡಬೇಕಿತ್ತು. ನಮ್ಮೂರು ಔರಾದಿಗೆ ರೈಲಿಲ್ಲ. ಆ ಕಡೆಯ ಜನ ಹಾಸಿಗೆ ಸುತ್ತಿಕೊಂಡು, ಪಾತ್ರೆಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಭಾಲ್ಕಿಗೆ ಬಂದು ರೈಲು ಹತ್ತುತ್ತಿದ್ದರು. ಹಾಗೆ ಹೋದವರಲ್ಲಿ ನನ್ನ ಕಾಕಾ, ಕಾಕಿ ಇದ್ದರು. ಕೊಂಕಣದ ಒಂದು ಬಂದರಿನಲ್ಲಿ ಕಾಕಾ ಮಂಜುಗಡ್ಡೆ ಹೊರುತ್ತಿದ್ದ. ಕಾಕಿ, ಬಲೆಯಿಂದ ಸುರಿದ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸಿಗಡಿ ಬೇರೆ, ಮೀನು ಬೇರೆ, ಕಸ ಬೇರೆ ಮಾಡುತ್ತಿದ್ದಳು.

ನಮ್ಮದು ಲಿಂಗ ಕಟ್ಟಿದ ಮನೆ. ಮೀನಿನ ಮಾತು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಹಾಗಾಗಿ ಅಪ್ಪ ಔರಾದಿನಲ್ಲಿ ಕೇಳಿದವರಿಗೆಲ್ಲ, ತಮ್ಮ ಮತ್ತು ತಮ್ಮನ ಹೆಂಡತಿ ಪುಣೆಯಲ್ಲಿ ಒಂದು ಸಾಲೆಯ ಅಡಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ಹೇಳಿಬಿಟ್ಟಿದ್ದ. ಬೀದರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನೂ ಅದನ್ನೇ ಹೇಳುತ್ತಿದ್ದೆ. ಬಾಯಿಪಾಠವಾಗಿತ್ತು.

ನಾನು ಓದುವಾಗಿನಿಂದ ಸ್ಪಂಜುಗಳ ಹಿಂದೆ ಬಿದ್ದವನು. ನೋಡಲಿಕ್ಕೆ ಗಿಡದ ಹಾಗೆ, ಕಲ್ಲಿಗೆ ಅಂಟಿಕೊಂಡು ಬದುಕುವ ಪ್ರಾಣಿ ಅದು. ಕಾಕಿ ಹೊರಡುವಾಗ ಎರಡು ಡಬ್ಬಿಗಳಲ್ಲಿ ಸ್ಪಿರಿಟ್ ತುಂಬಿ ಕೊಟ್ಟು, ಸ್ಪಂಜಿನ ಚಿತ್ರ ತೋರಿಸಿ, ಕಸದಲ್ಲಿ ಇಂಥದ್ದು ಸಿಕ್ಕರೆ ಇದರಲ್ಲಿ ಹಾಕಿಡು ಎಂದಿದ್ದೆ. ಮರುವರ್ಷ ಯುಗಾದಿಗೆ ಅವಳು ಬಂದಾಗ ಭಾಲ್ಕಿ ಸ್ಟೇಶನ್ನಿಗೆ ಹೋದೆ. ಅವಳು ನನ್ನ ಕೈಗಿಟ್ಟದ್ದು ಉಪ್ಪಿನಕಾಯಿ ಭರಣಿ. ಒಳಗೆ ಉಪ್ಪಿನಲ್ಲಿ ಹೂತ ಕಂದು ಮುದ್ದೆಗಳು.

"ಸ್ಪಿರಿಟ್ ಎಲ್ಲಿ ಕಾಕಿ?"

"ಚೆಲ್ಲೀನಿ. ಗುಡಸಲದಾಗಿನ ಗಂಡಸರು ಅದರ ವಾಸನಿ ಹಿಡದು ತಿರಗಲತ್ತಿದ್ರು. ಕುಡದು ಸತ್ರ ಯಾರ್ ಹೊಣಿ? ಉಪ್ಪ ಹಾಕೀನಿ. ಮಾವಿನಕಾಯಿ ವರ್ಷಗಟ್ಟಲೆ ಇರ್ತದ, ಇದಕೇನ್ ಆಗ್ತದ?"

ನನಗೆ ಅಳು ಬಂತು, ನಗುವೂ ಬಂತು. ಅಲ್ಲೇ ಬೆಂಚಿನ ಮೇಲೆ ಕೂತು, ಇದನ್ನೇ ಯಾಕೆ ಆರಿಸಿದೆ ಎಂದು ಕೇಳಿದೆ. ಹುಟ್ಟಿದಾಗಿನಿಂದ ಮೊರದಲ್ಲಿ ತೊಗರಿ, ಉದ್ದು, ಹೆಸರು ಹಸನು ಮಾಡಿದ ಕೈ ಅದು. ಕಲ್ಲು ಯಾವುದು, ಕಾಳು ಯಾವುದು ಎಂದು ಆ ಬೆರಳುಗಳಿಗೆ ಕಣ್ಣಿಗಿಂತ ಮೊದಲೇ ತಿಳಿಯುತ್ತಿತ್ತು.

"ಇಂಥವು ಮೂರ ನಮೂನಿ ಬರ್ತಾವ ತಮ್ಮಾ. ಎಲ್ಲಾ ಒಂದೇ ಅಂತ ಮಂದಿ ಒಗೀತಾರ. ಒಂದು ಮುಟ್ಟಿದ ಕೂಡ್ಲೆ ತುರಸ್ತದ. ಒಂದು ಕೈ ತೊಳದ ಮ್ಯಾಲ ತುರಸ್ತದ. ಇದು ತುರಸೂದೇ ಇಲ್ಲ. ಬಣ್ಣಾನೂ ಬ್ಯಾರೆ. ಬಲಿಯಿಂದ ಬಿದ್ದಾಗ ಈಗ ಅರಳಿದ ಕುಸುಬಿ ಹೂವಿನಂಗ ಹಳದಿ ಇರ್ತದ. ನಾ ಒಂದ ಬುಟ್ಟಿ ಹಸನ ಮಾಡೂದ್ರಾಗ ಬಾಡಿದ ಕುಸುಬಿಯಂಗ ಕೆಂಪಾಗ್ತದ."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಸ್ಪಂಜಿನ ಜಾತಿ ಹೇಳುವುದು ಅದರ ಮೈಯೊಳಗಿನ ಗಾಜಿನಂಥ ಸಣ್ಣ ಸೂಜಿಗಳಿಂದ. ಒಂದು ಚೂರನ್ನು ಬಟ್ಟೆ ಬಿಳುಪು ಮಾಡುವ ದ್ರಾವಣದಲ್ಲಿ ಕರಗಿಸಿ, ಉಳಿದ ಸೂಜಿಗಳನ್ನು ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಕಿಟಕಿಯ ಆಚೆ ಜನ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತಿರುವಾಗ, ನಾನು ಕಣ್ಣಿಗೆ ಕಾಣದ ಸೂಜಿ ತೊಳೆಯುತ್ತ ಕೂತಿರುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ತೊಳೆದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ತುದಿ ಮೊಂಡಾದ ನೇರ ಸೂಜಿಗಳು, ಅವುಗಳ ನಡುವೆ ಕುಡಗೋಲಿನ ಹಾಗೆ ಬಾಗಿದ ಸಣ್ಣವು ಕಂಡವು. ಇನ್ನೊಂದು ಚೂರನ್ನು ತೆಳ್ಳಗೆ ಕೊಯ್ದು ನೋಡಿದೆ. ಸೂಜಿಗಳು ತೊಗಲಿನಿಂದ ಹೊರಗೆ ಚಾಚಿರಲಿಲ್ಲ, ಒಳಗೇ ಅಡ್ಡ ಮಲಗಿದ್ದವು. ತುರಿಸುವುದಿಲ್ಲ ಎಂದು ಕಾಕಿ ಹೇಳಿದ್ದು ಇದಕ್ಕೇ. ತಿಂಗಳುಗಟ್ಟಲೆ ಹಳೆಯ ವರ್ಣನೆಗಳನ್ನೆಲ್ಲ ಹುಡುಕಿದೆ. ಈ ಸೂಜಿ, ಈ ಬಣ್ಣದ ಬದಲಾವಣೆ ಎರಡೂ ಕೂಡಿದ ಸ್ಪಂಜು ಎಲ್ಲಿಯೂ ಇರಲಿಲ್ಲ.

ನಮ್ಮಂಥ ಊರಿನ ಮೇಷ್ಟ್ರು ಒಬ್ಬನೇ ಬರೆದರೆ ಯಾರು ಅಚ್ಚು ಹಾಕುತ್ತಾರೆ? ದೂರದ ನಗರದ ಹಿರಿಯ ವಿದ್ವಾಂಸರೊಬ್ಬರಿಗೆ ಮಾದರಿ ಕಳಿಸಿದೆ. ಹೊಸ ಜಾತಿಯೇ ಹೌದು ಎಂದು ಅವರು ಒಪ್ಪಿದರು, ತಮ್ಮ ಹೆಸರನ್ನು ಮೊದಲು ಹಾಕಿಕೊಂಡರು. ಅದಕ್ಕೆ ನನ್ನ ತಕರಾರಿಲ್ಲ. ಸಂಗ್ರಹಿಸಿದವರು ಯಾರು ಎಂಬ ಸಾಲಿನಲ್ಲಿ ನಾನು 'ಸ್ಥಳೀಯ ಮೀನುಗಾರರಿಂದ' ಎಂದು ಬರೆದು, ಬಣ್ಣದ ಸಾಲಿನಲ್ಲಿ ಕುಸುಬಿ ಹೂವಿನ ಹೋಲಿಕೆ ಹಾಕಿದ್ದೆ. ಒಂದು ದಿನ ಅವರ ಫೋನ್ ಬಂತು.

"ಈ ಬಣ್ಣ ಬದಲಾಗೋದನ್ನ ಕಣ್ಣಾರೆ ಕಂಡವರು ಯಾರು?"

ನನ್ನ ಕಾಕಿ ಎನ್ನಬೇಕಿತ್ತು. "ಅಲ್ಲಿಯ ಒಬ್ಬ ಕೂಲಿ ಹೆಣ್ಣುಮಗಳು ಸರ್" ಎಂದೆ.

ಅವರು ನಕ್ಕರು. "ಹೂವಿನ ಕಥೆಯೆಲ್ಲ ಬೇಡ. ನಮ್ಮ ಮುಂದಿರೋ ಮಾದರಿ ಕಂದು ಇದೆ. ಕಂದು ಅಂತಾನೇ ಬರೀರಿ."

ಉಪ್ಪಿನಲ್ಲಿ ಕೂತ ಮಾವಿನಕಾಯಿಯೂ ಕಂದಾಗುತ್ತದೆ. ಅದಕ್ಕೆ ಗಿಡದಲ್ಲಿಯೂ ಮಾವು ಕಂದು ಎಂದು ಬರೆಯುತ್ತೀರಾ? ಈ ಮಾತು ನನಗೆ ಫೋನ್ ಇಟ್ಟ ಮೇಲೆ ಹೊಳೆಯಿತು. ದೋಣಿಯಲ್ಲಿ ಟೊಪ್ಪಿಗೆ ಹಾಕಿ ಕೂತ ಸಂಶೋಧಕ ಕಂಡರೆ ಅದು ವೀಕ್ಷಣೆ. ಬೆಳಗಿನಿಂದ ಸಂಜೆಯವರೆಗೆ ಅದೇ ರಾಶಿಯಲ್ಲಿ ಕೈಯಾಡಿಸಿದ ಹೆಂಗಸು ಕಂಡರೆ ಅದು ಕಥೆ! ಬೇರೆಯವರ ಪ್ರಬಂಧದಲ್ಲಿ ಇಂಥ ತಪ್ಪು ಕಂಡರೆ ಆ ಮನುಷ್ಯ ಹರಿದು ಹಾಕುತ್ತಿದ್ದರು. ತಾವು ಎಂದೂ ಜೀವಂತ ನೋಡದ ಪ್ರಾಣಿಗೆ ಜೀವಂತ ಬಣ್ಣ ಬರೆಯಲು ಅವರಿಗೆ ಕೈ ನಡುಗಲಿಲ್ಲ. ವಾರವಿಡೀ ನಾನು ಅವರನ್ನು ಮನಸ್ಸಿನಲ್ಲೇ ಬಯ್ದೆ. ಬಯ್ಯುತ್ತಲೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಪ್ರಬಂಧ ಅಚ್ಚಾಗುವ ಹೊತ್ತಿಗೆ ಮಳೆ ಬಿದ್ದು ಕಾಕಾ, ಕಾಕಿ ಔರಾದಿಗೆ ಮರಳಿದ್ದರು. ಹೆಮ್ಮೆಯಿಂದ ಅಚ್ಚಿನ ಪ್ರತಿ ತೆಗೆದುಕೊಂಡು ಹೋದೆ. ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಓದು ಎಂದಳು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಬಣ್ಣದ ಸಾಲಿಗೆ ಬಂದಾಗ ಅವಳ ಕೈ ನಿಂತಿತು.

"ಕಂದು ಅಂತ ಯಾರ್ ನೋಡ್ಯಾರ?"

"ಯಾರೂ ನೋಡಿಲ್ಲ."

"ಮತ್ತ ನಾ ಹೇಳಿದ್ದು?"

ನಾನು ಪುಟ ತಿರುವಿದೆ.

"ಇದರಾಗ ನಿನ್ನ ಹೆಸರ ಅದ ಅಲ್ಲ? ನನ್ನ ಮಾತ ಸುಳ್ಳಂತ ನೀನೇ ಬರದು ಕೊಟ್ಟಂಗಾತು."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ಜೋರಾಗಿ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಆ ದೊಡ್ಡ ಮನುಷ್ಯರ ಎಲೆಯ ನೊಣ ಎಣಿಸುತ್ತ ಕೂತಿದ್ದೆ ನಾನು. ಅವರು ಅವಳನ್ನು ನಂಬದೆ ಹೋದದ್ದು ಆಮೇಲೆ. ಅವಳನ್ನು ಆ ಕಾಗದದಿಂದ ಮೊದಲು ಅಳಿಸಿದವನು ನಾನು. ಮೀನು ಮುಟ್ಟಿದ ಕಾಕಿ ನನಗೆ ಬೇಡವಾಗಿದ್ದಳು, ಆ ಕೈ ತಂದ ಸ್ಪಂಜು ಮಾತ್ರ ಬೇಕಾಗಿತ್ತು.

ಬೀದರಿಗೆ ಮರಳಿದವನೇ ತಿದ್ದುಪಡಿ ಹಾಕಬೇಕೆಂದು ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಬರೆದೆ. ಆ ಹಿರಿಯ ವಿದ್ವಾಂಸರು ನನ್ನೊಡನೆ ಮಾತು ಬಿಟ್ಟರು, ಬಿಡಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ನನಗೂ ಗೊತ್ತಿತ್ತು. ಇಂದಿಗೂ ಹೊಸಬರು ಮೂಲ ಪುಟ ನೋಡಿ ಕಂದು ಎಂದೇ ಬರೆಯುತ್ತಾರೆ, ಓದಿದಾಗಲೆಲ್ಲ ಹಲ್ಲು ಕಡಿಯುತ್ತೇನೆ. ಆಗ ನನ್ನ ಪತ್ರಕ್ಕೆ ಉತ್ತರವಾಗಿ ಪತ್ರಿಕೆಯವರು ಒಂದು ನಮೂನೆ ಕಳಿಸಿದರು. ಜೀವಂತ ಬಣ್ಣ ಕಂಡವರ ಹೆಸರು, ಊರು, ಕೆಲಸ ತುಂಬಬೇಕು. ಅದನ್ನು ಔರಾದಿಗೆ ಒಯ್ದು ಎಲ್ಲರ ಮುಂದೆ ಓದಿದೆ.

ಅಪ್ಪನ ಮುಖ ಗಂಟಿಕ್ಕಿತು. "ಹೆಸರ ಹಾಕು, ಊರ ಹಾಕು. ಕೆಲಸದ ಜಾಗಾದಾಗ ಗೃಹಿಣಿ ಅಂತ ಬರಿ. ಮೀನಿಂದು ಬ್ಯಾಡ. ನಾಳಿ ಮಂದಿ ಓದ್ತಾರ."

"ಔರಾದದಾಗ ಅದನ್ನ ಯಾರ್ ಓದ್ತಾರ ಅಪ್ಪಾ?" ಎಂದು ಕೂಗಿದೆ. ಅಪ್ಪನ ಮುಂದೆ ದನಿ ಏರಿಸಿದ್ದು ಅದೇ ಮೊದಲು.

ಕಾಕಿ ಸೆರಗು ಸರಿ ಮಾಡಿಕೊಂಡು ಬಾಗಿಲ ಮರೆಯಿಂದ ಹೊರಗೆ ಬಂದಳು. ಅವಳು ಕೂಗಲಿಲ್ಲ.

"ಭಾವ, ಮನ್ಯಾಗ ಕೂತ ಗೃಹಿಣಿಗಿ ಸಮುದ್ರದಾಗಿಂದು ಹ್ಯಾಂಗ ಕಾಣ್ತದರಿ? ಮತ್ತೊಂದು ಸುಳ್ಳ ಆಗ್ತದ. ನನ್ನ ಹೆಸರಿಂದ ನಿಮಗ ನಾಚಿಕಿ ಆದ್ರ ಹೆಸರ ಬಿಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಕೆಲಸ ಬರಿ ತಮ್ಮಾ. ಮೀನ ಹಸನ ಮಾಡಾಕಿ ಅಂತ ಬರಿ. ಮೂರ ವರ್ಷ ಈ ಮನಿ ಒಲಿ ಅದರ ಮ್ಯಾಲೇ ಹತ್ತೇದ."

ಅಪ್ಪ ತಲೆ ತಗ್ಗಿಸಿದ. ನಾನು ಮೊದಲು ಕೆಲಸ ಬರೆದೆ, ಆಮೇಲೆ ಹೆಸರು.