ಹಬ್ಬದ ದಿನವೂ ಕಣ ಹರಿಯುವ ನೀಲಮ್ಮ

ಗೌರಿ ಹಬ್ಬದ ಬೆಳಿಗ್ಗೆ ಆರೂಕಾಲು ಗಂಟೆ. ಲಷ್ಕರ್ ಮೊಹಲ್ಲಾದ ಈ ಓಣಿಯಲ್ಲಿ ಹಾಲಿನ ಬೂತು ಬಿಟ್ಟರೆ ತೆರೆದಿರುವುದು ಷಡಕ್ಷರಿಯವರ ಮ್ಯಾಚಿಂಗ್ ಸೆಂಟರ್ ಒಂದೇ. ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿಕೊಂಡು ಒಬ್ಬೊಬ್ಬರೇ ಒಳಗೆ ಬರುತ್ತಿದ್ದಾರೆ. ಎಲ್ಲರೂ ತಲೆಗೆ ಸ್ನಾನ ಮಾಡಿದ ಹೆಂಗಸರು. ಕೂದಲ ತುದಿಗೆ ಗಂಟು ಹಾಕಿದ ಟವೆಲು ಇನ್ನೂ ಒದ್ದೆಯಿದೆ. ಎಲ್ಲರಿಗೂ ಬೇಕಾದದ್ದು ಒಂದೇ, ಬಾಗಿನದ ಮೊರದಲ್ಲಿ ಇಡಲು ರವಿಕೆ ಕಣ. ಎಷ್ಟೇ ಲೆಕ್ಕ ಹಾಕಿ ತಂದಿಟ್ಟರೂ ಹಬ್ಬದ ಬೆಳಿಗ್ಗೆ ಎರಡು ಕಣ ಕಡಿಮೆ ಬೀಳದ ಮನೆ ಮೈಸೂರಿನಲ್ಲಿ ಇಲ್ಲವೇನೋ.

ಕೌಂಟರಿನ ಹಿಂದೆ ನಿಂತಿರುವ ನೀಲಮ್ಮನ ಕೈ ಮಾತ್ರ ಮಾತಾಡುತ್ತಿದೆ. ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚಿ, ಎಂಬತ್ತು ಸೆಂಟಿಮೀಟರ್ ಅಳೆದು, ಅಂಚಿಗೆ ಕತ್ತರಿಯ ಬಾಯಿ ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪರ್ರನೆ ಹರಿದು ಬರುತ್ತದೆ ಕಣ. ಹಸಿರು, ಕೆಂಪು, ಅರಿಸಿನ. ಹರಿದದ್ದನ್ನು ನಾಲ್ಕು ಮಡಿಕೆ ಮಾಡಿ ಕೈಗಿಡುವಷ್ಟರಲ್ಲಿ ಮುಂದಿನವರ ಕಣ ಅಳತೆಯಾಗಿರುತ್ತದೆ.

"ಬೇಗ ಕೊಡಿ ನೀಲಮ್ಮ, ಅತ್ತೆ ಪೂಜೆಗೆ ಕೂತ್ಬುಟ್ಟಿದಾರೆ," ಎನ್ನುತ್ತಾರೆ ವಿಜಯನಗರದಿಂದ ಸ್ಕೂಟರಿನಲ್ಲಿ ಬಂದ ಒಬ್ಬ ಹೆಣ್ಣುಮಗಳು. ಕೈತುಂಬ ಹೊಸ ಬಳೆ. ಕಣ ತೆಗೆದುಕೊಂಡು ಹೊರಡುವಾಗ ಸೌಜನ್ಯಕ್ಕೆ ಕೇಳುತ್ತಾರೆ, "ನಿಮ್ಮನೇಲಿ ಗೌರಿ ಇಡಲ್ವಾ?"

"ಇಡ್ತಾರೆ ಕಣಮ್ಮ. ನಮ್ಮಕ್ಕ ನೋಡ್ಕೊತಾರೆ."

ಸ್ಕೂಟರು ಓಣಿ ದಾಟುವವರೆಗೂ ನೀಲಮ್ಮ ಅದನ್ನೇ ನೋಡುತ್ತಾರೆ. ಆಮೇಲೆ ಥಾನು ಸುತ್ತುತ್ತಾ ಹೇಳುತ್ತಾರೆ: "ಒಳ್ಳೆ ಹೆಂಗಸು, ಪಾಪ. ಆದ್ರೂ ಸುಳ್ಯಾಕೆ ಹೇಳ್ಲಿ, ಹೊಟ್ಟೆ ಉರೀತದೆ. ಇವತ್ತು ಬರೋ ಒಬ್ಬೊಬ್ರನ್ನ ನೋಡಿದ್ರೂ ಉರೀತದೆ. ಇವರು ಮನೆಗೆ ಹೋಗಿ ಕೂತ್ಕೊತಾರಲ್ಲ ಅಂತ."

ನೀಲಮ್ಮನಿಗೆ ಈಗ ನಲವತ್ಮೂರು. ಈ ಕೌಂಟರಿಗೆ ಬಂದದ್ದು ತೊಂಬತ್ತೊಂದರಲ್ಲಿ. ಗಂಡ ಶಿವಕುಮಾರ್ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಪ್ರೆಸ್ಸಿಗೆ ಹೊಸ ಯಂತ್ರ ಬಂದು ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದ ವರ್ಷವೇ ಮಗಳು ಅಕ್ಷತಾಳಿಗೆ ಎರಡು ತುಂಬಿತು. "ಮೂರು ತಿಂಗಳು ಅಂತ ಬಂದೋಳು," ಎನ್ನುವ ನೀಲಮ್ಮ, ಹದಿನಾಲ್ಕು ವರ್ಷದಿಂದ ಅಲ್ಲೇ ನಿಂತಿದ್ದಾರೆ. ನಿಂತಿದ್ದಾರೆ ಎಂದರೆ ನಿಂತೇ ಇದ್ದಾರೆ. ಕೌಂಟರಿನ ಹಿಂದೆ ಸ್ಟೂಲಿಗೆ ಜಾಗವಿಲ್ಲ. ಶಿವಕುಮಾರ್ ಈಗ ಮದುವೆ ಛತ್ರವೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಾರೆ.

ಅಂಗಡಿಯ ಗೋಡೆಯಲ್ಲಿ ಇನ್ನೂರ ಅರವತ್ತು ಬಣ್ಣದ ಥಾನುಗಳಿವೆ. ಮಾಮೂಲು ದಿನ ನೂರೈವತ್ತು ಕಣ ಹರಿದರೆ, ಹಬ್ಬದ ದಿನ ಆರುನೂರು ದಾಟುತ್ತದೆ. ಗಿರಾಕಿ ಸೀರೆಯ ಸೆರಗು ತೋರಿಸಿದರೆ ಸಾಕು, ನೀಲಮ್ಮ ಹಿಂದೆ ತಿರುಗದೆ ಕೈ ಹಾಕಿ ಅದೇ ಬಣ್ಣದ ಥಾನು ಎಳೆಯುತ್ತಾರೆ. ಮಾವಿನ ಚಿಗುರು ಯಾವುದು, ಈರುಳ್ಳಿ ಸಿಪ್ಪೆ ಯಾವುದು, ಬದನೆಕಾಯಿ ಎಲ್ಲಿ ಮುಗಿದು ನೇರಳೆ ಎಲ್ಲಿ ಶುರುವಾಗುತ್ತದೆ ಎಂದು ಅವರ ಬೆರಳಿಗೆ ಗೊತ್ತು. ಹಾಗಿದ್ದೂ ಅವರದೊಂದು ಕಟ್ಟುನಿಟ್ಟು: ಕತ್ತರಿ ಹಾಕುವ ಮುಂಚೆ ಗಿರಾಕಿಯನ್ನು ಬಾಗಿಲಿಗೆ ಕರೆದು, ಬಿಸಿಲಲ್ಲಿ ಸೀರೆಯನ್ನೂ ಬಟ್ಟೆಯನ್ನೂ ಪಕ್ಕಪಕ್ಕ ಹಿಡಿದು ತೋರಿಸಬೇಕು. ಟ್ಯೂಬ್‌ಲೈಟನ್ನು ಅವರು ನಂಬುವುದಿಲ್ಲ.

ಮೊದಲು ಹೀಗಿರಲಿಲ್ಲ. ಯುಗಾದಿ, ಗೌರಿ, ಆಯುಧಪೂಜೆ, ದೀಪಾವಳಿ ಈ ನಾಲ್ಕಕ್ಕೂ ಅಂಗಡಿಗೆ ಬೀಗ. ತೊಂಬತ್ತಾರರಲ್ಲಿ ಎದುರು ಸಾಲಿನಲ್ಲಿ ದೊಡ್ಡ ಬಟ್ಟೆ ಅಂಗಡಿಯೊಂದು ತೆರೆದು, ಹಬ್ಬದ ದಿನವೂ ವ್ಯಾಪಾರ ಉಂಟು ಎಂದು ಬೋರ್ಡು ಹಾಕಿತು. ಅದೇ ವರ್ಷದ ಯುಗಾದಿಗೆ ಷಡಕ್ಷರಿಯವರೂ ಷಟರ್ ಎತ್ತಿದರು. ಆಗ ಅಕ್ಷತಾಳಿಗೆ ಏಳು ವರ್ಷ. ಆ ಯುಗಾದಿಯಿಂದ ಅವಳಿಗೆ ಎಣ್ಣೆನೀರು ಹಾಕಿದವರು ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನೀಲಮ್ಮನ ವಾರಗಿತ್ತಿ ಶಿವನಂಜಮ್ಮ. ಚಾಮರಾಜಪುರಂನಲ್ಲಿ ಎರಡೂ ಸಂಸಾರ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿವೆ. ಶಿವನಂಜಮ್ಮ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಕ್ಯಾಲೆಂಡರಿನಲ್ಲಿ ಕೆಂಪಗಿರುವ ದಿನವೆಲ್ಲ ಅವರಿಗೆ ರಜೆ. ದಸರೆಗೆ ಹದಿನೈದು ದಿನ ಬೇರೆ. "ಅಕ್ಕ ಕೆಟ್ಟೋರಾಗಿದ್ರೆ ಸಲೀಸಾಗಿತ್ತು," ಎನ್ನುತ್ತಾರೆ ನೀಲಮ್ಮ. "ನನ್ನ ಮಗಳಿಗೆ ತಲೆ ಬಾಚಿ, ಹೂ ಮುಡಿಸಿ, ಬಾಳೆ ಎಲೆ ಹಾಕಿ ಬಡಿಸೋರು. ನಾನು ಮನೆಗೆ ಹೋಗೋ ಹೊತ್ತಿಗೆ ನನ್ನ ಪಾಲಿನ ಒಬ್ಬಟ್ಟು ಮುಚ್ಚಿಟ್ಟಿರೋರು. ಏನಂತ ಜಗಳ ಆಡ್ಲಿ? 'ದೊಡ್ಡಮ್ಮ ಅಂಗೆ ಮಾಡಿದ್ರು, ದೊಡ್ಡಮ್ಮ ಇಂಗೆ ಅಂದ್ರು' ಅಂತ ಮಗು ಹೇಳ್ತಾ ಇದ್ರೆ ಬಾಯಲ್ಲಿರೋ ಒಬ್ಬಟ್ಟು ಕಹಿ ಆಗೋದು."

ಈ ಉರಿಯಲ್ಲಿ ನೀಲಮ್ಮ ಒಂದು ತಪ್ಪು ಮಾಡಿದ್ದಾರೆ. ಯಾರೂ ಕೇಳದಿದ್ದರೂ ತಾವಾಗಿಯೇ ಹೇಳಿಕೊಳ್ಳುತ್ತಾರೆ.

ಎರಡು ಸಾವಿರದ ಒಂದರ ಆಯುಧಪೂಜೆ. ಬೆಳಗಿನಿಂದ ದಸರೆಗೆ ಬಂದವರ ನೂಕುನುಗ್ಗಲು. ಮಧ್ಯಾಹ್ನದ ಊಟಕ್ಕೂ ಬಿಡುವಾಗಿಲ್ಲ. ಮೂರು ಗಂಟೆಗೆ ತಲೆ ಎತ್ತಿದರೆ ಕೌಂಟರಿನಾಚೆ ಶಿವನಂಜಮ್ಮ, ಪಕ್ಕದಲ್ಲಿ ಅಕ್ಷತಾ. ಹುಡುಗಿಯ ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಆಟದ ಸಾಮಾನಿನ ಚೀಲ. ಇಬ್ಬರೂ ಹೋಟೆಲಲ್ಲಿ ಮಸಾಲೆ ದೋಸೆ ತಿಂದು ಬಂದಿದ್ದರು. ಸಂಜೆ ವಸ್ತುಪ್ರದರ್ಶನ, ಆಮೇಲೆ ಅರಮನೆಯ ದೀಪ ನೋಡುವುದಿತ್ತು. ಶಿವನಂಜಮ್ಮ ಹುಡುಗಿಗೆಂದು ಬದನೆಕಾಯಿ ಬಣ್ಣದ ರೇಷ್ಮೆ ಲಂಗದ ಬಟ್ಟೆ ತೆಗೆದಿದ್ದರು. ದೀಪಾವಳಿಗೆ ಹೊಲಿಸಬೇಕು, ಅದಕ್ಕೊಪ್ಪುವ ರವಿಕೆ ಬಟ್ಟೆ ಬೇಕು.

"ಬೇಗ ಕೊಡೇ ನೀಲಾ, ಇವಳಿಗೆ ಪ್ರದರ್ಶನದಲ್ಲಿ ಜಯಂಟ್ ವೀಲ್ ಹತ್ತಬೇಕಂತೆ," ಎಂದರು.

ಪಕ್ಕದಲ್ಲಿ ಸೀರೆಯ ಫಾಲ್ಸ್ ಕೊಡುತ್ತಿದ್ದ ಹೊಸ ಹುಡುಗಿ ವಾಣಿ, ಅಕ್ಷತಾಳನ್ನೂ ಶಿವನಂಜಮ್ಮನನ್ನೂ ನೋಡಿ, "ಎಷ್ಟು ಚೆನ್ನಾಗಿದೆ ಮೇಡಂ, ನಿಮ್ಮ ಮಗಳ ಜಡೆ," ಎಂದಳು. ಶಿವನಂಜಮ್ಮ ನಕ್ಕರು. ಅಲ್ಲ ಎನ್ನುವುದಕ್ಕೆ ಅರೆಗಳಿಗೆ ತಡವಾಯಿತು. ಅಷ್ಟೇ.

ನೀಲಮ್ಮನ ಕೈ ಹಿಂದಕ್ಕೆ ಹೋಯಿತು. ಬದನೆಕಾಯಿಯ ಥಾನು ಬೆರಳಿಗೆ ತಾಗಿತು. ಅದನ್ನು ಬಿಟ್ಟು ಪಕ್ಕದ ನೇರಳೆಯನ್ನು ಎಳೆದರು. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಬಾಗಿಲಿಗೆ ಕರೆಯಲಿಲ್ಲ. ಕತ್ತರಿ ತಾಗಿಸಿ ಹರಿದುಕೊಟ್ಟರು.

"ಹದಿನಾಕು ವರ್ಷದಲ್ಲಿ ಗೊತ್ತಿದ್ದೂ ತಪ್ಪು ಬಣ್ಣ ಕೊಟ್ಟಿದ್ದು ಅದೊಂದೇ ಸಲ. ಅದೂ ನನ್ನ ಮಗಳಿಗೇ. ಅಕ್ಕನ ಕಣ್ಣು ಕುರುಡು ಅಂತ ನಾಲ್ಕು ಜನ ಆಡ್ಕೊಳ್ಲಿ ಅನ್ನಿಸ್ಬುಟ್ಟಿತ್ತು. ಹಾಕ್ಕೊಳೋಳು ಯಾರು ಅಂತ ಯೋಚನೆ ಬರ್ಲಿಲ್ಲ ನೋಡಿ."

ಆ ಮೂರು ವಾರ ನಿದ್ದೆ ಸರಿಯಾಗಿ ಹತ್ತಲಿಲ್ಲ. ದೀಪಾವಳಿಯ ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುವ ಹೊತ್ತಿಗೆ ಅಕ್ಷತಾ ಹೊಸ ಲಂಗ ಉಟ್ಟು ಅಂಗಳಕ್ಕೆ ಬಂದಳು. ಬಿಸಿಲು ಬಿದ್ದದ್ದೇ ತಡ, ಲಂಗ ಒಂದು ದಾರಿ, ರವಿಕೆ ಇನ್ನೊಂದು ದಾರಿ. ಎದುರು ಮನೆಯ ಮಂಚಮ್ಮ ರಂಗೋಲಿ ಬಿಡುತ್ತಿದ್ದವರು ತಲೆ ಎತ್ತಿ, "ಯಾಕಮ್ಮ, ಬಣ್ಣ ಸೇರಲಿಲ್ವಲ್ಲ?" ಎಂದು ಕೇಳಿಯೇಬಿಟ್ಟರು.

"ಅಂಗಡಿ ಲೈಟಲ್ಲಿ ಹಂಗೇ ಕಣ್ರೀ. ಯಾರಿಗಾದ್ರೂ ತಪ್ಪುತ್ತೆ," ಎಂದವರು ಶಿವನಂಜಮ್ಮ.

ತಮ್ಮ ಪರವಾಗಿ ಆಡಿದ ಆ ಮಾತನ್ನೇ ನೀಲಮ್ಮನಿಗೆ ತಡೆಯಲಾಗಲಿಲ್ಲ. ಮಂಚಮ್ಮ ಒಳಗೆ ಹೋದ ಮೇಲೆ ಹೇಳಿದರು: "ತಪ್ಪಿದ್ದಲ್ಲ ಅಕ್ಕ. ಬೇಕು ಅಂತ್ಲೇ ಕೊಟ್ಟೆ."

ಶಿವನಂಜಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಗೊತ್ತಿತ್ತು ಕಣೇ. ದರ್ಜಿಗೆ ಕೊಡೋವಾಗ್ಲೇ ನೋಡ್ದೆ. ನಿನ್ನ ಕಣ್ಣು ತಪ್ಪೋದುಂಟಾ? ವಾಪಸು ಕೊಟ್ಟು ಬರೋಣ ಅಂದ್ರೆ ಇವಳು ಬಿಡ್ಲಿಲ್ಲ. ಅಮ್ಮ ಕೊಟ್ಟಿದ್ದು, ಅದೇ ಇರ್ಲಿ ಅಂದ್ಳು." ಹುಡುಗಿಯ ಲಂಗದ ನೆರಿಗೆ ಸರಿಮಾಡುತ್ತಾ ಸೇರಿಸಿದರು, "ಐದು ವರ್ಷದಿಂದ ಎಣ್ಣೆ ಹಚ್ಚೋಳು ನಾನು. ಆಗ ನನಗೆ ಹೆಂಗಾಗಿರ್ಬೇಡ, ಹೇಳು."

ಇಬ್ಬರೂ ಅಪ್ಪಿಕೊಂಡು ಅತ್ತರೆಂದು ಬರೆದರೆ ಸುಳ್ಳಾಗುತ್ತದೆ. ಶಿವನಂಜಮ್ಮ ಒಲೆಯ ಮೇಲಿನ ಪಾಯಸ ನೋಡಲು ಒಳಗೆ ಹೋದರು, ನೀಲಮ್ಮ ಬಸ್ಸು ಹಿಡಿದರು. ಆದರೆ ಆ ದಿನ ಅಂಗಡಿಯಲ್ಲಿ, ಗಿರಾಕಿಗಳು ತೆಳುವಾದ ಹೊತ್ತು ನೋಡಿ, ನೀಲಮ್ಮ ಉಳಿದ ಆರು ಜನರನ್ನೂ ಕರೆದುಕೊಂಡು ಯಜಮಾನರ ಮುಂದೆ ನಿಂತರು.

"ಹಬ್ಬಕ್ಕೆ ಬಾಗಿಲು ಹಾಕಿ ಯಜಮಾನ್ರೇ. ನಾಲ್ಕು ದಿನ, ಅಷ್ಟೇ ಕೇಳ್ತಿರೋದು."

ಷಡಕ್ಷರಿಯವರು ಕೆಟ್ಟ ಮನುಷ್ಯರಲ್ಲ. ಹಬ್ಬದ ದಿನ ದುಡಿದವರಿಗೆ ಒಂದೂವರೆ ದಿನದ ಸಂಬಳ ಕೊಡುತ್ತಾರೆ, ಎಲ್ಲರಿಗೂ ಊಟ ತರಿಸುತ್ತಾರೆ. "ನಾನು ಮುಚ್ಚಿದ್ರೆ ಗಿರಾಕಿ ಎದುರಿಗೆ ಹೋಗ್ತಾರಮ್ಮ," ಎಂದರು. "ಹೋದೋರು ಮತ್ತೆ ಬರಲ್ಲ. ಅವರಿಗೆ ಬಿಡುವಿರೋದು ಹಬ್ಬದ ದಿನವೇ ಅಲ್ವಾ? ನಾನೂ ಮನೇಲಿ ಬಿಸಿ ಊಟ ಉಂಡು ಐದು ವರ್ಷ ಆಯ್ತು."

"ಅವರಿಗೆ ರಜಾ ಅಂತ ನಾವು ನಿಂತ್ಕೊಬೇಕು. ನಮಗೆ ರಜಾ ಅಂತ ಯಾರು ನಿಂತ್ಕೊತಾರೆ?" ಎಂದು ಕೇಳಿದರು ನೀಲಮ್ಮ. ಯಜಮಾನರ ಮುಂದೆ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ಅದೇ ಮೊದಲು.

ಷಡಕ್ಷರಿಯವರು ಉತ್ತರ ಕೊಡಲು ಒಂದು ವರ್ಷಕ್ಕೂ ಹೆಚ್ಚು ತೆಗೆದುಕೊಂಡರು. ನೀಲಮ್ಮ ಪ್ರತಿ ಹಬ್ಬದ ಮುನ್ನಾದಿನ ತಪ್ಪದೆ ನೆನಪಿಸಿದರು. ಕೊನೆಗೆ ಎರಡು ಸಾವಿರದ ಮೂರರಲ್ಲಿ ಒಂದು ಏರ್ಪಾಡಾಯಿತು: ಅಂಗಡಿ ಮುಚ್ಚುವುದಿಲ್ಲ, ಆದರೆ ವರ್ಷಕ್ಕೆ ಒಂದು ಹಬ್ಬ ಪ್ರತಿಯೊಬ್ಬರಿಗೂ ರಜೆ. ಯಾರಿಗೆ ಯಾವುದು ಎಂದು ಚೀಟಿ ಎತ್ತುವುದು. ಆ ವರ್ಷ ನೀಲಮ್ಮನಿಗೆ ಯುಗಾದಿ ಬಂತು, ವಾಣಿಗೆ ಗೌರಿ. "ಮದುವೆನೇ ಆಗಿಲ್ಲ, ಇವಳಿಗ್ಯಾಕೆ ಗೌರಿ ಅಂತ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದೆ," ಎಂದು ಈಗ ನಗುತ್ತಾರೆ. ವಾಣಿ ಪಕ್ಕದಿಂದ ಕೂಗುತ್ತಾಳೆ, "ಒಂದು ವಾರ ಅಲ್ಲ, ಇಪ್ಪತ್ತು ದಿನ!"

ಏಳು ವರ್ಷದ ನಂತರ ಮನೆಯಲ್ಲಿ ಕಂಡ ಆ ಯುಗಾದಿ ನೀಲಮ್ಮ ಅಂದುಕೊಂಡಂತೆ ನಡೆಯಲಿಲ್ಲ. ನಾಲ್ಕು ಗಂಟೆಗೇ ಎದ್ದು ಹಂಡೆಗೆ ಉರಿ ಹಾಕಿ, ಹರಳೆಣ್ಣೆ ಬಿಸಿ ಮಾಡಿದರು. ಅಕ್ಷತಾ ಆಗ ಹದಿನಾಲ್ಕರ ಹುಡುಗಿ. ಬಚ್ಚಲ ಬಾಗಿಲಲ್ಲಿ ನಿಂತು, "ನಾನೇ ಹಾಕ್ಕೊತೀನಮ್ಮ. ದೊಡ್ಡಮ್ಮನಿಗೂ ಬೇಡ ಅಂದು ಒಂದು ವರ್ಷ ಆಯ್ತು," ಎಂದಳು. ಅಡುಗೆಮನೆಗೆ ಹೋದರೆ ಒಬ್ಬಟ್ಟಿನ ಮಣೆ ಎಲ್ಲಿದೆ ಎಂದು ಶಿವನಂಜಮ್ಮನನ್ನು ಕೇಳಬೇಕಾಯಿತು. ತಮ್ಮದೇ ಮನೆಯಲ್ಲಿ ನೆಂಟರ ಹಾಗೆ ಮೂಲೆಯಲ್ಲಿ ನಿಂತರು.

ಸ್ವಲ್ಪ ಹೊತ್ತಿಗೆ ಅಕ್ಷತಾ ಎಣ್ಣೆ ಬಟ್ಟಲು ಹಿಡಿದು ಅಡುಗೆಮನೆಗೇ ಬಂದು, ಅಮ್ಮನ ಮುಂದೆ ನೆಲದ ಮೇಲೆ ಕೂತಳು. "ತಲೆಗೆ ಮಾತ್ರ," ಎಂದಳು. ಹಚ್ಚುತ್ತಾ ಹಚ್ಚುತ್ತಾ ನೀಲಮ್ಮನಿಗೆ ಗೊತ್ತಾಯಿತು, ಮಗಳ ನೆತ್ತಿಯ ಹಿಂದೆ ಸಣ್ಣದೊಂದು ಗಾಯದ ಕಲೆಯಿದೆ ಎಂದು. ಯಾವಾಗ ಆದದ್ದು ಎಂದು ಕೇಳಿದರೆ ಉತ್ತರ ಕೊಟ್ಟವರು, ಒಲೆಯ ಮುಂದಿದ್ದ ಶಿವನಂಜಮ್ಮ. ನಾಲ್ಕನೇ ಕ್ಲಾಸಲ್ಲಿ, ದಸರಾ ರಜೆಯಲ್ಲಿ, ಜಗಲಿಯಿಂದ ಬಿದ್ದದ್ದು. "ನೀನು ಗಾಬರಿ ಆಗ್ತೀಯ ಅಂತ ಹೇಳಿರ್ಲಿಲ್ಲ," ಎಂದರು.

"ಆ ಕಲೆ ನೋಡ್ದಾಗ ಆದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿಲ್ಲ," ಎನ್ನುತ್ತಾರೆ ನೀಲಮ್ಮ. "ಅದು ಅಕ್ಕನ ಮೇಲಲ್ಲ. ಆ ದಿನದ ಮೇಲೆ. ಅವತ್ತು ನಾನು ಇಲ್ಲಿ ಯಾರಿಗೋ ಕಣ ಹರೀತಾ ಇದ್ದೆ."

ಈಗ ಗಂಟೆ ಹತ್ತೂವರೆ. ಈ ವರ್ಷದ ಚೀಟಿಯಲ್ಲಿ ನೀಲಮ್ಮನಿಗೆ ದೀಪಾವಳಿ ಬಂದಿದೆ, ಗೌರಿ ಮತ್ತೆ ತಪ್ಪಿದೆ. ಆದರೆ ಯಜಮಾನರು ಹೋದ ವಾರ ತಾವಾಗಿಯೇ ಒಂದು ಮಾತು ಹೇಳಿದ್ದಾರೆ: ಗೌರಿಯ ದಿನ ಬೆಳಿಗ್ಗೆ ಆರಕ್ಕೆ ತೆರೆದು ಹನ್ನೊಂದಕ್ಕೆ ಮುಚ್ಚುವುದು. ಎದುರಿನ ದೊಡ್ಡ ಅಂಗಡಿಯವರು ಹಾಗೆ ಮಾಡುವ ಸೂಚನೆ ಇಲ್ಲ. ಅಲ್ಲಿನ ಮೆಟ್ಟಿಲ ಮೇಲೆ ಸಮವಸ್ತ್ರದ ಸೀರೆಯುಟ್ಟ ಹೆಣ್ಣುಮಕ್ಕಳು ಕೈಕಟ್ಟಿ ನಿಂತು, ಇಲ್ಲಿ ಥಾನುಗಳು ಒಳಗೆ ಹೋಗುವುದನ್ನೇ ನೋಡುತ್ತಿದ್ದಾರೆ.

ಮನೆಯಲ್ಲಿ ಬಾಗಿನ ಕೊಡುವ ಹೊತ್ತಿಗಾದರೂ ತಲುಪಬಹುದೇನೋ ಎಂದು ನೀಲಮ್ಮ ಗಡಿಯಾರ ನೋಡುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಸೆರಗು ಕೊಡವಿಕೊಂಡು ಸ್ವಲ್ಪ ನಾಚುತ್ತಾರೆ.

"ಏನಿಲ್ಲ. ಒಂದು ಹಬ್ಬದ ದಿನ, ಹೊಸ ಸೀರೆ ಉಟ್ಕೊಂಡು, ಬೆಳಗ್ಗೆಯಿಂದ ಸಾಯಂಕಾಲದವರೆಗೂ ನಮ್ಮನೆ ಜಗಲಿ ಮೇಲೆ ಸುಮ್ನೆ ಕೂತಿರ್ಬೇಕು. ಬೀದೀಲಿ ಹೋಗೋರು ಯಾರಾದ್ರೂ ನನ್ನ ನೋಡಿ ಹೊಟ್ಟೆ ಉರ್ಕೋಬೇಕು. ಒಂದೇ ಒಂದು ಸಲ, ಸಾಕು."