ವೈರಿನ ಇನ್ನೊಂದು ತುದಿ

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ನನ್ನದು ವೈರ್ ಪರೀಕ್ಷಿಸುವ ಕೆಲಸ. ಸ್ಕೂಟರುಗಳೊಳಗೆ ಹೋಗುವ ವೈರಿನ ಕಟ್ಟುಗಳನ್ನು ಬೋರ್ಡಿನ ಮೇಲಿಟ್ಟು, ಎರಡೂ ತುದಿ ಸಿಕ್ಕಿಸಿ, ಹಸಿರು ದೀಪ ಹತ್ತಿದರೆ ಮುಂದಕ್ಕೆ ಕಳಿಸುತ್ತೇನೆ. ದೀಪ ಹತ್ತಿದ ಮೇಲೂ ಪ್ರತಿ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡುತ್ತೇನೆ. ಅದು ನಿಯಮವಲ್ಲ, ನನ್ನ ಅಭ್ಯಾಸ. ಪಕ್ಕದ ಮೇಜಿನಲ್ಲಿ ಕೂತು ಕಟ್ಟು ತಯಾರಿಸುವ ಗೆಳತಿಯ ವೈರುಗಳನ್ನು ಮಾತ್ರ ಎಳೆಯುತ್ತಿರಲಿಲ್ಲ. ಆರು ವರ್ಷದಲ್ಲಿ ಅದರ ಅಗತ್ಯ ಕಂಡಿರಲಿಲ್ಲ.

ನನಗೆ ಯುಕುಲೆಲೆ ಕಲಿಸಿದವಳೂ ಅವಳೇ. ಗಿಟಾರಿಗಿಂತ ಚಿಕ್ಕದಾದ ಆ ನಾಲ್ಕು ತಂತಿಯ ವಾದ್ಯವನ್ನು ಊಟದ ಬಿಡುವಿನಲ್ಲಿ, ಗಾಡಿ ನಿಲ್ಲಿಸುವ ಶೀಟಿನ ಕೆಳಗೆ ಕಲಿತೆ. ತನ್ನ ಹಳೆಯದನ್ನು ನನಗೇ ಕೊಟ್ಟಿದ್ದಳು.

"ಭಾನುವಾರ ತುಮಕೂರಲ್ಲಿ ನಮ್ಮ ಗುಂಪಿನ ವರ್ಕ್‌ಶಾಪ್ ಇದೆ, ನೀನೂ ಬಾರೇ," ಅಂದಳು. "ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ರೆಕಾರ್ಡಿಂಗು. ಅದನ್ನ ಕೇಳಿ ಕುಣಿಗಲ್‌ನೋರು ಪ್ರೋಗ್ರಾಮಿಗೆ ಕರೀತಾರೆ."

"ಅವ್ರೆಲ್ಲ ವರ್ಷಗಟ್ಟಲೆ ನುಡಿಸಿರೋರು ಕಣೇ. ನಾನು ಬೆರಳು ಜೋಡ್ಸೋದ್ರೊಳಗೆ ಹಾಡೇ ಮುಗ್ದೋಗಿರುತ್ತೆ."

"ಮುಗೀಲಿ ಬುಡು. ನಿನ್ನ ಬಿಟ್ಟು ನಾವು ನುಡಿಸ್ತೀವಾ? ನನ್ನ ಪಕ್ಕ ಕೂತ್ಕೊ."

ಕುಣಿಗಲ್ಲಿನ ವೇದಿಕೆಯ ಆಸೆ ನನಗಿರಲಿಲ್ಲ. ಆ ರೆಕಾರ್ಡಿಂಗಿನಲ್ಲಿ ನನ್ನ ತಂತಿಯ ಸದ್ದೂ ಒಂದಿರಬೇಕು, ಅಷ್ಟೇ ಬೇಕಿತ್ತು. ನಿಟ್ಟೂರಿನ ಮನೆಯಲ್ಲಿ ಏಳು ತಿಂಗಳಿಂದ ನನ್ನ ಟಿಂಗ್ ಟಿಂಗ್ ಸಹಿಸಿದ್ದ ಅಮ್ಮನಿಗೆ ಕೇಳಿಸುತ್ತೇನೆಂದು ಹೇಳಿಯೂ ಬಂದಿದ್ದೆ.

ಮಹಡಿಯ ಮೇಲಿನ ಹಾಲ್‌ನಲ್ಲಿ ಜಮಖಾನ ಹಾಸಿ ಒಂಬತ್ತು ಕುರ್ಚಿ ಹಾಕಿದ್ದರು. ಎಲ್ಲರೂ ಪಳಗಿದ ಕೈಗಳು. ನನ್ನನ್ನು ಯಾರೂ ಕೀಳಾಗಿ ಕಾಣಲಿಲ್ಲ. ಗುಂಪಿನ ಮುಖ್ಯಸ್ಥರು, ಎಲ್ಲರೂ ಸರ್ ಎನ್ನುತ್ತಿದ್ದ ಹಿರಿಯರು, ನನ್ನ ಮಣಿಕಟ್ಟು ನೋಡಿ, "ರಾಗಿ ಬೀಸ್ದಂಗೆ ಬೀಸ್ಬೇಡಮ್ಮ, ಸವರು," ಎಂದು ನಗಿಸಿದರು.

ಮಧ್ಯಾಹ್ನ ಒಂದು ಪೆಟ್ಟಿಗೆ ತಂದಿಟ್ಟರು. ಮೈಕ್ ಇಲ್ಲ, ಪ್ರತಿ ಯುಕುಲೆಲೆಯ ತಳದಿಂದ ಒಂದು ವೈರ್ ಆ ಪೆಟ್ಟಿಗೆಗೆ, ಅಲ್ಲಿಂದ ನೇರ ಫೋನಿಗೆ. ಫ್ಯಾನಿನ ಸದ್ದು ಕೂಡ ಸೇರುವುದಿಲ್ಲ ಎಂದರು. ನನ್ನ ವೈರನ್ನು ಗೆಳತಿಯೇ ತಂದು ಸಿಕ್ಕಿಸಿದಳು. ನಾನು ಬೆರಳುಗಳನ್ನೇ ನೋಡುತ್ತಿದ್ದೆ.

ಹಾಡಿನ ಮೂರನೆಯ ಸುತ್ತಿನಲ್ಲಿ ನನ್ನ ನಡುಬೆರಳು ಪಕ್ಕದ ತಂತಿಗೆ ಬಿತ್ತು. ಅಪಸ್ವರ ನನಗೆ ಸ್ಪಷ್ಟವಾಗಿ ಕೇಳಿತು. ಮುಗಿದ ಕೂಡಲೇ, "ನನ್ನಿಂದ ತಪ್ಪಾಯ್ತು ಸರ್, ಇನ್ನೊಂದ್ಸಲ ನುಡ್ಸಾಣ," ಅಂದೆ.

"ಏನೂ ಆಗಿಲ್ಲಮ್ಮ. ಚೆನ್ನಾಗೇ ಬಂದಿದೆ."

ಫೋನಿನಲ್ಲಿ ಹಾಕಿ ಕೇಳಿಸಿದರು. ಮೂರನೆಯ ಸುತ್ತು ಬರುವಾಗ ನಾನು ಕಣ್ಣು ಮುಚ್ಚಿಕೊಂಡೆ. ಬಂತು, ಹೋಯಿತು. ಅಪಸ್ವರ ಇರಲಿಲ್ಲ. ಮೊದಲು ಸಮಾಧಾನವೇ ಆಯಿತು. ಆಮೇಲೆ ನನ್ನ ತೊಡೆಯ ಮೇಲಿದ್ದ ವೈರನ್ನು ನೋಡಿದೆ. ಅದು ನನ್ನ ಕುರ್ಚಿಯ ಕೆಳಗಿಂದ ಗೆಳತಿಯ ಕುರ್ಚಿಯ ಹಿಂದಕ್ಕೆ ಹೋಗಿ, ಜಮಖಾನದ ಅಡಿ ಸೇರಿತ್ತು. ಕೆಲಸದಲ್ಲಿ ಎಳೆಯುವಂತೆ ಮೆಲ್ಲಗೆ ಎಳೆದೆ. ತಡೆಯಿಲ್ಲದೆ ಬಂತು. ಇನ್ನೊಂದು ತುದಿಯ ಪಿನ್ನಿಗೆ ಜಮಖಾನದ ಕೆಂಪು ನೂಲು ಅಂಟಿತ್ತು.

ಯಾರೂ ಏನೆಂದು ಕೇಳಲಿಲ್ಲ. ಸರ್ ಫೋನ್ ಒರೆಸುತ್ತಿದ್ದರು. ಒಬ್ಬಾಕೆ ತನ್ನ ಯುಕುಲೆಲೆಯನ್ನು ಚೀಲಕ್ಕೆ ಹಾಕಿ, ಹೊರತೆಗೆದು, ಮತ್ತೆ ಹಾಕಿದಳು.

"ಪೆಟ್ಟಿಗೇಲಿ ಎಂಟೇ ಜಾಗ ಇರೋದು ಕಣೇ," ಅಂದಳು ಗೆಳತಿ.

ಎಣಿಸಿದೆ. ಹತ್ತು ಜಾಗ ಇದ್ದವು. ಎರಡು ಖಾಲಿ.

ನಾನು ಎಣಿಸಿದ್ದನ್ನು ಅವಳು ನೋಡಿದಳು. "ನಿಂಗೆ ಬೇಜಾರಾಗ್ಬಾರ್ದು ಅಂತ..."

"ನುಡಿಸ್ಬೇಡ ಅಂದಿದ್ರೆ ಸುಮ್ನೆ ಕೂತು ಕೇಳ್ತಿದ್ದೆ ಕಣೇ."

ಅವಳು ಎದ್ದು ಜಮಖಾನದ ಅಂಚು ಸರಿಮಾಡತೊಡಗಿದಳು. ವೈರನ್ನು ಸುತ್ತಿ ಅವಳ ಕುರ್ಚಿಯ ಮೇಲಿಟ್ಟೆ. ಯುಕುಲೆಲೆಯನ್ನೂ ಅಲ್ಲೇ ಇಟ್ಟೆ.

ರೈಲು ಗುಬ್ಬಿ ದಾಟುವಾಗ ಅವಳು ರೆಕಾರ್ಡಿಂಗ್ ಕಳಿಸಿದಳು. ಮಾತೇನೂ ಬರೆದಿರಲಿಲ್ಲ. ಮನೆಯಲ್ಲಿ ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದಳು.

"ಇದ್ರಾಗೆ ನಿಂದ್ಯಾವ್ದು ಮಗ?"

"ಎಲ್ಲ ಸೇರೈತೆ ಕಣಮ್ಮ."

"ಅದ್ಕೇ ಇಷ್ಟ್ ಚೆನ್ನಾಗೈತೆ," ಅಂದಳು.

ಸೋಮವಾರ ಗೆಳತಿ ಎಂದಿನಂತೆ ತನ್ನ ಕಟ್ಟುಗಳನ್ನು ನನ್ನ ಮೇಜಿಗೆ ಸರಿಸಿದಳು. ಬೋರ್ಡಿಗೆ ಹಾಕಿದೆ, ಹಸಿರು ದೀಪ ಹತ್ತಿತು. ಆಮೇಲೆ ಒಂದೊಂದೇ ತುದಿಯನ್ನು ಬೆರಳಲ್ಲಿ ಹಿಡಿದು ಎಳೆದೆ. ಅವಳ ಕೈ ನಿಂತದ್ದು ಗೊತ್ತಾಯಿತು. ನಾನು ತಲೆ ಎತ್ತಲಿಲ್ಲ. ಊಟದ ಗಂಟೆಯವರೆಗೂ ಎಳೆದೆ. ಒಂದೂ ಸಡಿಲ ಇರಲಿಲ್ಲ.