ಅಕ್ಕನ ಕೇಕಿನ ಉಂಡೆಗಳು

ಆ ಭಾನುವಾರ ಮಧ್ಯಾಹ್ನ ಹೊಸದುರ್ಗದಲ್ಲಿ ಅಕ್ಕನ ಅಡುಗೆಮನೆಯ ನೆಲದ ಮೇಲೆ ಮೂವರು ಕೂತಿದ್ದೆವು. ಅಕ್ಕ, ಅವಳ ಮಗಳು, ನಾನು. ಮಗಳು ಫೋನಿನಲ್ಲಿ ಕೇಕ್ ಪಾಪ್ ನೋಡಿ, ಹುಟ್ಟುಹಬ್ಬಕ್ಕೆ ಅದೇ ಬೇಕು ಎಂದು ಹಟ ಹಿಡಿದಿದ್ದಳು. ಕೇಕನ್ನು ಪುಡಿ ಮಾಡಿ, ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ, ಮೇಲೆ ಬಣ್ಣಬಣ್ಣದ ಮಿಠಾಯಿ ಉದುರಿಸುವುದು. ಹುಟ್ಟುಹಬ್ಬ ಇನ್ನೂ ದೂರವಿತ್ತು. ಮೊದಲು ಒಂದು ಸಲ ಮಾಡಿ ನೋಡೋಣ ಎಂದು ಅಕ್ಕ ಹೊಳಲ್ಕೆರೆಯಿಂದ ನನ್ನನ್ನು ಕರೆಸಿಕೊಂಡಿದ್ದಳು.

"ಉಂಡೆ ಕಟ್ಟಾಕೆ ಫೋನ್ ನೋಡಬೇಕೇನೇ? ತಂಬಿಟ್ಟು ಕಟ್ಟಿದ ಕೈ ಇದು," ಎಂದು ಅಕ್ಕ ಅಂಗೈಗೆ ತುಪ್ಪ ಸವರಿಕೊಂಡಳು. ನಾನೂ ಸವರಿಕೊಂಡೆ. ನಮ್ಮಲ್ಲಿ ಯಾವ ಉಂಡೆ ಕಟ್ಟುವುದಾದರೂ ಮೊದಲು ಕೈಗೆ ತುಪ್ಪ. ಉಂಡೆಗಳು ಚೆನ್ನಾಗಿ ಹೊಳೆದವು. ಆದರೆ ಚಾಕೊಲೇಟಿನಲ್ಲಿ ಅದ್ದಿ ಎತ್ತಿದರೆ ಅದು ನಿಲ್ಲಲಿಲ್ಲ. ಮೆಲ್ಲಗೆ ಜಾರಿ ತಟ್ಟೆಗೆ ಬಿತ್ತು. ಎರಡನೆಯದೂ ಹಾಗೇ ಆಯಿತು.

"ಅಮ್ಮ, ಚಡ್ಡಿ ಕಳಚಿದಂಗೈತೆ," ಎಂದಳು ಮಗಳು.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂಗಡಿಯೋನು ಹಳೇ ಚಾಕಲೇಟು ಕೊಟ್ಟವನೆ ಕಣೇ."

"ನಿನ್ನ ಕೈ ಸರಿ ಇಲ್ಲ ಅನ್ನು," ಎಂದೆ.

"ಲೇ, ಮುಂದಿನ ವಾರ ಬಾ. ಅದೆಂಗೆ ನಿಲ್ಲಲ್ಲ ನೋಡೇ ಬಿಡಾಣ."

ನನ್ನನ್ನು ಕಳಿಸಲು ಬಸ್ ನಿಲ್ದಾಣದವರೆಗೆ ಬಂದ ಅಕ್ಕ ಹಣೆ ಒತ್ತಿಕೊಳ್ಳುತ್ತಿದ್ದಳು. ಆ ತಲೆನೋವು ಅವತ್ತಿನದಲ್ಲ. ಅವಳ ಅತ್ತೆ ಪಿತ್ತ ಎಂದಿದ್ದರು. ಭಾವ ಫೋನ್ ನೋಡುವುದು ಜಾಸ್ತಿಯಾಯಿತು ಎಂದಿದ್ದರು. ಯಾರೂ ಡಾಕ್ಟರ ಹತ್ತಿರ ಹೋಗೋಣ ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಾ ಬಿದ್ದಳು. ತಲೆಯೊಳಗೆ ನರ ಒಡೆದಿತ್ತು. ದಾವಣಗೆರೆಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

ಆಮೇಲೆ ಬಂದವರೆಲ್ಲ ನನಗೆ ಅತ್ತುಬಿಡು, ಹಗುರಾಗುತ್ತೆ ಎಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವತ್ತಿಗೂ ಇರುವುದು ಅದೇ.

ಕಾರ್ಯದ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಅವಳಿಗೆ ಏನು ಇಷ್ಟವಿತ್ತು ಎಂದು ಯಾರೋ ಕೇಳಿದರು. ಭಾವ ತಾಯಿಯ ಮುಖ ನೋಡಿದರು. ಅತ್ತೆ "ಹೋಳಿಗೆ" ಎಂದರು. ಹೋಳಿಗೆ ಇಷ್ಟ ಭಾವನಿಗೆ. ಅಕ್ಕ ಹಬ್ಬದ ದಿನ ಎಲ್ಲರಿಗೂ ಬಡಿಸಿ, ತಾನು ಅನ್ನ ಸಾರು ಉಂಡು ಏಳುತ್ತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರಿಗೆ ಅದು ಕಂಡಿರಲಿಲ್ಲ. ಆ ಎಲೆಯ ಮುಂದೆ ನಾನೂ ಕೈ ಮುಗಿದೆ, ಹಲ್ಲು ಕಚ್ಚಿಕೊಂಡು.

ಮಗುವಿನ ಹುಟ್ಟುಹಬ್ಬ ಹತ್ತಿರವಾದಾಗ ಫೋನ್ ಮಾಡಿದೆ. "ಅತ್ತೆ, ಬಂದು ಕೇಕ್ ಪಾಪ್ ಮಾಡಿಕೊಡ್ತೀನಿ. ಅಕ್ಕ ಮಾಡಿಕೊಡ್ತೀನಿ ಅಂದಿದ್ಲು."

"ವರ್ಷ ತುಂಬೋ ತನಕ ಈ ಮನೇಲಿ ಸಿಹಿ ಮಾಡಂಗಿಲ್ಲ ಕಣಮ್ಮ. ಒಲೆ ಮ್ಯಾಲೆ ಬಾಣಲಿ ಸೈತ ಇಟ್ಟಿಲ್ಲ. ಜನ ಏನಂದಾರು?"

ಸರಿ ಎಂದು ಇಟ್ಟೆ. ಅದೇ ವಾರ ನಮ್ಮ ನೆಂಟರೊಬ್ಬರಿಂದ ಸುದ್ದಿ ಬಂತು. ಅತ್ತೆ, ಭಾವ ಬಾಗೂರಿಗೆ ಹೋಗಿ ಭಾವನಿಗೆ ಹೆಣ್ಣು ನೋಡಿಕೊಂಡು ಬಂದಿದ್ದರು. ಮದುವೆಯನ್ನು ವರ್ಷದೊಳಗೆ ಮುಗಿಸಿದರೆ ದೋಷವಿಲ್ಲವಂತೆ. ಮಗುವಿನ ಬಾಯಿಗೆ ಅಡ್ಡ ಬಂದ ವರ್ಷ ಗಂಡಸಿನ ಮದುವೆಗೆ ದಾರಿ ಬಿಟ್ಟುಕೊಟ್ಟಿತ್ತು. ಆ ಸಂಜೆ ನಾನು ಮೂರು ಮನೆಗೆ ಕೇಳುವಂತೆ ಪಾತ್ರೆ ತಿಕ್ಕಿದೆ.

ಹುಟ್ಟುಹಬ್ಬದ ಹಿಂದಿನ ದಿನ ಹೊಳಲ್ಕೆರೆಯ ನನ್ನ ಮನೆಯಲ್ಲೇ ಶುರು ಮಾಡಿದೆ. ಬೇಕರಿಯ ಕೇಕು ತಂದು ಪುಡಿ ಮಾಡಿದೆ. ಪುಡಿ ಮಾಡುವುದಕ್ಕೆ ಸಿಟ್ಟು ಬೇಕಾದಷ್ಟಿತ್ತು. ಸ್ವಲ್ಪ ಜಾಮ್ ಹಾಕಿ ಕಲೆಸಿ, ತುಪ್ಪ ಸವರಿ ಉಂಡೆ ಕಟ್ಟಿ, ಅದ್ದಿದೆ. ಚಾಕೊಲೇಟು ಮತ್ತೆ ಜಾರಿತು. ಒಲೆ ಆರಿಸಿದೆ. ಬೆರಳುಗಳ ಮೇಲೆ ತುಪ್ಪ ಮಿನುಗುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದಾಗ ಹೊಳೆಯಿತು, ಜಾರಿಸುತ್ತಿದ್ದದ್ದು ಈ ತುಪ್ಪ. ಅಂಗಡಿಯವನದೇನೂ ತಪ್ಪಿರಲಿಲ್ಲ.

ಸೋಪು ಹಾಕಿ ಕೈ ತೊಳೆದು, ಒರೆಸಿ, ಒಣ ಕೈಯಲ್ಲಿ ಹೊಸ ಉಂಡೆ ಕಟ್ಟಿದೆ. ಕಡ್ಡಿಯ ತುದಿಯನ್ನು ಚಾಕೊಲೇಟಿನಲ್ಲಿ ಅದ್ದಿ ಸಿಕ್ಕಿಸಿ ಫ್ರಿಜ್ಜಿನಲ್ಲಿಟ್ಟೆ. ಗಟ್ಟಿಯಾದ ಮೇಲೆ ಅದ್ದಿದರೆ ಚಾಕೊಲೇಟು ನಿಂತಿತು. ಬಾಳೆದಿಂಡಿನ ತುಂಡಿಗೆ ಕಡ್ಡಿಗಳನ್ನು ಚುಚ್ಚಿ ನಿಲ್ಲಿಸಿದೆ, ಬಣ್ಣದ ಸೋಂಪು ಉದುರಿಸಿದೆ. ಒಂದಕ್ಕೆ ಮುಖ ಬರೆಯಲು ಹೋದರೆ ಹುಬ್ಬು ಗಂಟಿಕ್ಕಿದಂತೆ ಬಂತು. ಹಾಗೇ ಬಿಟ್ಟೆ.

ಮಾರನೆಯ ದಿನ ಬಸ್ಸಿನಲ್ಲಿ ಬಾಳೆದಿಂಡನ್ನು ತೊಡೆಯ ಮೇಲಿಟ್ಟುಕೊಂಡು ಹೊಸದುರ್ಗಕ್ಕೆ ಹೋದೆ. ಬಾಗಿಲಲ್ಲೇ ಅತ್ತೆ ತಡೆದರು. "ಹೇಳಿದ್ನಲ್ಲಮ್ಮ, ವರ್ಷ ತುಂಬಿಲ್ಲ ಅಂತ."

"ಇದು ನಿಮ್ಮ ಒಲೆ ಮ್ಯಾಲೆ ಮಾಡಿದ್ದಲ್ಲ ಅತ್ತೆ. ನಮ್ಮ ಮನೇದು."

"ಆದರೂ ನೋಡಿದೋರು…"

"ಬಾಗೂರಲ್ಲಿ ಏನು ತಿಂದ್ರಿ ಅತ್ತೆ? ಕೇಸರಿಬಾತಾ? ಹೆಣ್ಣು ನೋಡಾಕೆ ಬಂದೋರನ್ನ ಬಾಯಿ ಸಿಹಿ ಮಾಡದಂಗೆ ಯಾರೂ ಕಳಿಸಲ್ಲ."

ನನ್ನ ದನಿ ನನಗೇ ಹೊಸದಾಗಿ ಕೇಳಿತು. ಒಳಗೆ ಕೂತಿದ್ದ ಭಾವ ಎದ್ದು ಹಿತ್ತಲಿಗೆ ಹೋದರು. ಅತ್ತೆ ನನ್ನ ಮುಖ ನೋಡಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಮಗು ಗಂಟುಹುಬ್ಬಿನದನ್ನೇ ಆರಿಸಿಕೊಂಡಿತು. "ಇದು ನೀನೇ ಚಿಕ್ಕಮ್ಮ," ಎಂದು ಅದರ ತಲೆ ಕಚ್ಚಿತು. ಒಂದನ್ನು ಒಯ್ದು ಅಮ್ಮನ ಫೋಟೋದ ಮುಂದೆ ಒರಗಿಸಿ ಬಂತು. ಆಮೇಲೆ ಕೇಳಿತು, "ಅಮ್ಮಂದು ಜಾರಿತ್ತಲ್ಲ, ಇದ್ಯಾಕೆ ಜಾರಲಿಲ್ಲ?"

"ಕೈಗೆ ತುಪ್ಪ ಸವರಬಾರದಿತ್ತು."

"ಅಮ್ಮಂಗೆ ಗೊತ್ತಿರಲಿಲ್ವಾ?"

"ಇಲ್ಲ."

ಅದು ತಲೆಯಾಡಿಸಿ ತಿನ್ನುವುದನ್ನು ಮುಂದುವರಿಸಿತು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಂದು ನಾವು ಕೂತ ಜಾಗದಲ್ಲಿ ಈಗ ಅಕ್ಕಿ ಮೂಟೆ ಇಟ್ಟಿದ್ದಾರೆ. ಚಾಕೊಲೇಟು ಯಾಕೆ ಜಾರಿತು ಎಂದು ನನಗೆ ಗೊತ್ತಾಗಿದೆ. ಹೇಳೋಣವೆಂದರೆ ಅಕ್ಕ ಇಲ್ಲ.